ತಾನೇ ಚಲಿಸುವ ಕಾರು: ನಂಬಿಕೆ ಎಷ್ಟು, ಹೊಣೆ ಯಾರದು?

ಸಂಸ್ಥೆಯ ಉಪಯೋಗಕ್ಕಾಗಿ ಹೊಸ ಕಾರು ಕೊಳ್ಳಲು ಹೋಗುವ ಉದ್ಯಮಿಗೆ ಇಂದು ಮಾರಾಟಗಾರರು ಮೈಲೇಜಿನ ಜೊತೆಗೆ 'ಎಡಿಎಎಸ್' ಎಂಬ ಸೌಲಭ್ಯವನ್ನೂ ಮುಂದಿಡುತ್ತಾರೆ. ಚಾಲಕನಿಗೆ ನೆರವಾಗುವ ಈ ವ್ಯವಸ್ಥೆಯಲ್ಲಿ ಕ್ಯಾಮೆರಾ ಹಾಗೂ ರೇಡಾರ್‌ಗಳು ರಸ್ತೆಯನ್ನು ಗಮನಿಸುತ್ತವೆ. ಸಾಫ್ಟ್‌ವೇರ್ ವೇಗವನ್ನು ಹೊಂದಿಸುತ್ತದೆ, ವಾಹನವನ್ನು ಪಥದೊಳಗೆ ಇರಿಸುತ್ತದೆ, ಅಗತ್ಯ ಬಿದ್ದಾಗ ಬ್ರೇಕ್ ಹಾಕುತ್ತದೆ. ಇದನ್ನು ಚಾಲಕನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಮೇಲ್ನೋಟಕ್ಕೆ ತಂತ್ರಜ್ಞಾನದ ಪ್ರಶ್ನೆ. ವಸ್ತುತಃ ಅದು ಹೊಣೆಗಾರಿಕೆಯ ಪ್ರಶ್ನೆಯೂ ಹೌದು. ತಪ್ಪು ನಡೆದಾಗ ನಷ್ಟವನ್ನು ಯಾರ ಖಾತೆಗೆ ಬರೆಯಬೇಕೆಂದು ತಿಳಿಯದೆ ನಂಬಿಕೆಯ ಮಿತಿಯನ್ನು ನಿರ್ಧರಿಸಲಾಗದು.

ಹಂತಗಳ ಅರ್ಥ

ಅಮೆರಿಕದ ಎಸ್‌ಎಇ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ 0ಯಿಂದ 5ರವರೆಗೆ ಆರು ಹಂತಗಳಿವೆ. 2ನೆಯ ಹಂತದಲ್ಲಿ ಸಾಫ್ಟ್‌ವೇರ್ ಸ್ಟಿಯರಿಂಗ್ ಹಾಗೂ ವೇಗ ಎರಡನ್ನೂ ನಿರ್ವಹಿಸಿದರೂ ಚಾಲಕನು ಸದಾ ರಸ್ತೆಯ ಮೇಲೆ ಕಣ್ಣಿಟ್ಟಿರಬೇಕು. 3ನೆಯ ಹಂತದಲ್ಲಿ ನಿಗದಿತ ಸನ್ನಿವೇಶಗಳಲ್ಲಿ ವ್ಯವಸ್ಥೆಯೇ ವಾಹನವನ್ನು ನಡೆಸುತ್ತದೆ. ಸೂಚನೆ ಬಂದಾಗ ಚಾಲಕನು ನಿಯಂತ್ರಣವನ್ನು ವಹಿಸಿಕೊಳ್ಳಬೇಕು. ಭಾರತದಲ್ಲಿ ಎಡಿಎಎಸ್ ಹೆಸರಿನಲ್ಲಿ ಮಾರಾಟವಾಗುವ ಕಾರುಗಳು ಸಾಮಾನ್ಯವಾಗಿ 1 ಅಥವಾ 2ನೆಯ ಹಂತಕ್ಕೆ ಸೇರಿದವು. ಅವು ಚಾಲಕನಿಗೆ ಸಹಾಯಕಗಳೇ ಹೊರತು ಚಾಲಕನ ಬದಲಿಗಳಲ್ಲ.

ಟೆಂಪಿ ನಗರದ ಪ್ರಕರಣ

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಉಬರ್ ಕಂಪನಿಯ ಪರೀಕ್ಷಾರ್ಥ ಸ್ವಯಂಚಾಲಿತ ಕಾರು ಬಡಿದು ಮೃತಪಟ್ಟರು. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆಯ ಪ್ರಕಾರ, ಡಿಕ್ಕಿಗೆ 5.6 ಸೆಕೆಂಡುಗಳ ಮೊದಲೇ ವ್ಯವಸ್ಥೆಯು ಅವರನ್ನು ಪತ್ತೆ ಹಚ್ಚಿತ್ತು. ಆದರೆ ಒಮ್ಮೆ ವಾಹನವೆಂದೂ, ಒಮ್ಮೆ ಬೇರೆ ವಸ್ತುವೆಂದೂ, ಮತ್ತೊಮ್ಮೆ ಸೈಕಲ್ ಎಂದೂ ಅದರ ನಿರ್ಣಯ ಬದಲಾಗುತ್ತ ಹೋಯಿತು. ಮೇಲ್ವಿಚಾರಣೆಗೆಂದು ಚಾಲಕನ ಆಸನದಲ್ಲಿದ್ದ ಉದ್ಯೋಗಿಯ ಗಮನ ಮೊಬೈಲ್ ಫೋನಿನ ಮೇಲಿತ್ತು. ಉದ್ಯೋಗಿಯ ಅಲಕ್ಷ್ಯದೊಂದಿಗೆ ಕಂಪನಿಯ ಸುರಕ್ಷತಾ ವ್ಯವಸ್ಥೆಯ ಕೊರತೆಯನ್ನೂ ಮಂಡಳಿ ಎತ್ತಿ ತೋರಿಸಿತು. ಆದರೆ 2019ರಲ್ಲಿ ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲವೆಂದು ಸರ್ಕಾರಿ ಅಭಿಯೋಜಕರು ತಿಳಿಸಿದರು. 2023ರಲ್ಲಿ ಆ ಉದ್ಯೋಗಿಯೇ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಪ್ರೊಬೇಷನ್‌ಗೆ ಒಳಗಾಗಬೇಕಾಯಿತು.

ತಪಾಸಣೆಯ ತತ್ತ್ವ

ವ್ಯಾಪಾರಿಗಳಿಗೆ ಈ ಸ್ಥಿತಿ ಅಪರಿಚಿತವೇನಲ್ಲ. ಹತ್ತು ವರ್ಷ ತಪ್ಪಿಲ್ಲದೆ ಲೆಕ್ಕ ಬರೆದ ಗುಮಾಸ್ತನು ತಂದ ವೋಚರಿಗೆ ಯಜಮಾನನು ಓದದೆಯೇ ಸಹಿ ಹಾಕತೊಡಗುತ್ತಾನೆ. ಗುಮಾಸ್ತನ ನಿಷ್ಠೆ ಹೆಚ್ಚಿದಷ್ಟೂ ತಪಾಸಣೆ ಸಡಿಲಗೊಳ್ಳುತ್ತದೆ. ಸಾಫ್ಟ್‌ವೇರ್ ವಿಷಯದಲ್ಲಿಯೂ ಅಷ್ಟೇ. ನೂರು ಸಲ ಸರಿಯಾಗಿ ನಡೆದ ವ್ಯವಸ್ಥೆಯು ನೂರೊಂದನೆಯ ಸಲ ತಪ್ಪಿದಾಗ ಚಾಲಕನ ಕೈ ಸ್ಟಿಯರಿಂಗ್ ಮೇಲೆ ಇರುವುದಿಲ್ಲ.

ಹಾಗೆಂದು ಈ ಸೌಲಭ್ಯಗಳು ನಿರುಪಯುಕ್ತವಲ್ಲ. ತಾನಾಗಿ ಬೀಳುವ ತುರ್ತು ಬ್ರೇಕಿನಿಂದ ಮುಂದಿನ ವಾಹನಕ್ಕೆ ಹಿಂದಿನಿಂದ ಡಿಕ್ಕಿಯಾಗುವ ಅಪಘಾತಗಳು ಸುಮಾರು ಅರ್ಧದಷ್ಟು ಕಡಿಮೆಯಾಗುತ್ತವೆಂದು ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯು ಕಂಡುಕೊಂಡಿದೆ. ವ್ಯತ್ಯಾಸವನ್ನು ಗಮನಿಸಬೇಕು: ಇಲ್ಲಿ ಮನುಷ್ಯನು ಮಾಡಿದ ಕೆಲಸವನ್ನು ಯಂತ್ರವು ತಪಾಸಣೆ ಮಾಡುತ್ತದೆ. ಯಂತ್ರಕ್ಕೆ ಬೇಸರವಿಲ್ಲ, ನಿದ್ರೆಯಿಲ್ಲ. ಯಂತ್ರವು ಮಾಡಿದ ಕೆಲಸವನ್ನು ಮನುಷ್ಯನು ಗಂಟೆಗಟ್ಟಲೆ ತಪಾಸಣೆ ಮಾಡಬೇಕಾದಾಗ ಮಾತ್ರ ವ್ಯವಸ್ಥೆ ದುರ್ಬಲವಾಗುತ್ತದೆ. ಚಾಲಕನ ಗಮನವನ್ನು ಕಾಯ್ದುಕೊಳ್ಳುವ ಏರ್ಪಾಡು ಸಾಲದೆಂಬ ಕಾರಣಕ್ಕಾಗಿಯೇ 2023ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ 20 ಲಕ್ಷಕ್ಕೂ ಹೆಚ್ಚು ಟೆಸ್ಲಾ ಕಾರುಗಳ ಸಾಫ್ಟ್‌ವೇರನ್ನು ತಿದ್ದಬೇಕಾಯಿತು.

ನಷ್ಟದ ಹಂಚಿಕೆ

2019ರಲ್ಲಿ ಫ್ಲಾರಿಡಾದಲ್ಲಿ, ಕೆಳಗೆ ಬಿದ್ದ ಫೋನನ್ನು ಎತ್ತಿಕೊಳ್ಳಲು ಚಾಲಕನು ಬಗ್ಗಿದಾಗ ಟೆಸ್ಲಾ ಕಾರು ಅಪಘಾತಕ್ಕೀಡಾಗಿ ಯುವತಿಯೊಬ್ಬರು ಸತ್ತರು. 2025ರ ಆಗಸ್ಟಿನಲ್ಲಿ ಮಯಾಮಿಯ ಜ್ಯೂರಿಯು ಚಾಲಕನಿಗೆ ಶೇ. 67, ಕಂಪನಿಗೆ ಶೇ. 33ರಷ್ಟು ಹೊಣೆಯನ್ನು ಹಂಚಿತು. ದಂಡರೂಪದ ಪರಿಹಾರವೂ ಸೇರಿ ಕಂಪನಿಯ ಪಾಲು ಸುಮಾರು 24.3 ಕೋಟಿ ಡಾಲರ್ ಆಯಿತು. ಮೇಲ್ಮನವಿ ಸಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು. ಬ್ರಿಟನ್ನಿನಲ್ಲಿ 2024ರ ಮೇ ತಿಂಗಳಲ್ಲಿ ಅಂಗೀಕೃತವಾದ ಸ್ವಯಂಚಾಲಿತ ವಾಹನಗಳ ಕಾಯ್ದೆಯು, ಅನುಮತಿ ಪಡೆದ ವಾಹನವು ತಾನಾಗಿ ಚಲಿಸುತ್ತಿರುವಾಗಿನ ಚಾಲನಾ ದೋಷಕ್ಕಾಗಿ ಒಳಗೆ ಕುಳಿತವನ ಮೇಲೆ ಮೊಕದ್ದಮೆ ಹೂಡದಂತೆ ರಕ್ಷಣೆ ನೀಡುತ್ತದೆ.

ಭಾರತದ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅಂತಹ ರಕ್ಷಣೆಯಿಲ್ಲ. ಪರವಾನಗಿ ಪಡೆದ ಮನುಷ್ಯನೇ ಚಾಲಕ. ಆತನು ಸಂಸ್ಥೆಯ ನೌಕರನಾಗಿದ್ದು ಕೆಲಸದ ವೇಳೆಯಲ್ಲಿ ಅಪಘಾತವೆಸಗಿದರೆ ಪರಿಹಾರದ ಹೊಣೆ ಮಾಲೀಕನ ಮೇಲೂ ಬರುತ್ತದೆ. 146ನೆಯ ಕಲಮಿನನ್ವಯ ಕಡ್ಡಾಯವಾದ ಮೂರನೆಯ ವ್ಯಕ್ತಿಯ ವಿಮೆಯು ಪರಿಹಾರದ ಹಣವನ್ನು ಭರಿಸಬಹುದು; ಚಾಲಕನ ಮೇಲಿನ ಕ್ರಿಮಿನಲ್ ಮೊಕದ್ದಮೆಯಿಂದ ಅವನನ್ನು ಪಾರುಮಾಡದು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ವಾಹನದ ಕೈಪಿಡಿಯಲ್ಲಿ ತಯಾರಕರು ಹೇಳಿರುವ ಮಿತಿಗಳನ್ನು ಚಾಲಕನಿಗೆ ಕನ್ನಡದಲ್ಲಿ ಬರೆದುಕೊಟ್ಟು ಸಹಿ ಪಡೆಯಬೇಕು.

2. ಪಥದ ಗೆರೆ ಅಳಿಸಿಹೋದ ರಸ್ತೆ, ಭಾರಿ ಮಳೆ, ಮಂಜು, ಎದುರು ದಿಕ್ಕಿನಿಂದ ಬರುವ ವಾಹನ, ದನಕರುಗಳ ಓಡಾಟ ಇರುವಲ್ಲಿ ವ್ಯವಸ್ಥೆಯನ್ನು ಅವಲಂಬಿಸಕೂಡದು.

3. ಮುಂದಿನ ಗಾಜು ಅಥವಾ ಬಂಪರ್ ಬದಲಾಯಿಸಿದಾಗ ಕ್ಯಾಮೆರಾ, ರೇಡಾರ್‌ಗಳನ್ನು ಮತ್ತೆ ಹೊಂದಿಸಿದ್ದಕ್ಕೆ ವರ್ಕ್‌ಶಾಪಿನಿಂದ ಲಿಖಿತ ದಾಖಲೆ ಪಡೆಯಬೇಕು.

4. ಚಾಲಕನ ವಿಶ್ರಾಂತಿಯ ಅವಧಿಯನ್ನು ಎಡಿಎಎಸ್ ಇದೆಯೆಂಬ ಕಾರಣಕ್ಕೆ ಕಡಿತಗೊಳಿಸಬಾರದು.

ಆದುದರಿಂದ, ಹಾನಿಯ ಹೊಣೆಯನ್ನು ತಯಾರಕರು ಲಿಖಿತವಾಗಿ ವಹಿಸಿಕೊಳ್ಳುವವರೆಗೆ ಮತ್ತು ಕಾನೂನು ಅದನ್ನು ಮಾನ್ಯ ಮಾಡುವವರೆಗೆ, ಸಾಫ್ಟ್‌ವೇರನ್ನು ಎರಡನೆಯ ಜೊತೆ ಕಣ್ಣುಗಳೆಂದು ಬಳಸುವುದು ಲೇಸು. ಮೊದಲನೆಯ ಜೊತೆ ಚಾಲಕನದೇ ಆಗಿರಬೇಕು.