ಬಸವನ ಬಾಯಿಯ ನೀರು ಕುಡಿಯಬಹುದೇ?

ಪ್ರಶ್ನೆ: ಮನೆಮಂದಿಯೆಲ್ಲ ಕೋಲಾರದ ಅಂತರಗಂಗೆಗೆ ಹೋಗಿದ್ದೆವು. ಕಲ್ಲು ಬಸವನ ಬಾಯಿಂದ ಬೀಳುವ ನೀರನ್ನು ಜನ ಕ್ಯಾನುಗಳಲ್ಲಿ ಹಿಡಿದು ಒಯ್ಯುತ್ತಿದ್ದರು. ಕೆಳಗೆ ಸಾವಿರ ಅಡಿ ಕೊರೆದರೂ ನೀರು ಸಿಗದ ಕಡೆ ಬೆಟ್ಟದ ಮೇಲೆ ನೀರು ಹತ್ತಿದ್ದು ಹೇಗೆ? ನಾವೂ ತಂದು ಕುಡಿಯಬಹುದೇ?
– ಓದುಗರೊಬ್ಬರು, ಹೊಸಕೋಟೆ

ಉತ್ತರ: ನೀರು ಹತ್ತಿಲ್ಲ, ಇಳಿದಿದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗ ಬೆಟ್ಟದ ತುದಿಗೇ ಬಂದೆವು ಅನ್ನಿಸುವುದು ಸಹಜ. ಆದರೆ ಆ ಬಸವನಿರುವ ಕಾಶಿ ವಿಶ್ವೇಶ್ವರನ ಗುಡಿ ಇರುವುದು ಶತಶೃಂಗ ಬೆಟ್ಟಸಾಲಿನ ಮಗ್ಗುಲಲ್ಲಿ. ಅದರ ಮೇಲೆ ಇನ್ನೂ ಬೆಟ್ಟವಿದೆ, ಕುರುಚಲು ಕಾಡಿದೆ, ಹೊಲಗಳಿವೆ, ತೇರಹಳ್ಳಿಯಂಥ ಊರೂ ಇದೆ. ಅಲ್ಲಿ ಬಿದ್ದ ಮಳೆಯೇ ಬಸವನ ಬಾಯಿಗೆ ಬರುವುದು. ಕಾಶಿಯ ಗಂಗೆಯೇ ಒಳಗೊಳಗೆ ಹರಿದು ಬಂದಳೆನ್ನುವುದು ಭಕ್ತರ ಮಾತು. ಭೂವಿಜ್ಞಾನಿಗೆ ಅಷ್ಟು ದೂರ ಹೋಗುವ ಅಗತ್ಯ ಬೀಳುವುದಿಲ್ಲ.

ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಅದರಲ್ಲೂ ಹೆಚ್ಚಿನದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಬೆಟ್ಟದ ಮೇಲಿನ ಮಣ್ಣು ಮತ್ತು ಅದರಡಿ ಶಿಥಿಲವಾದ ಕಲ್ಲು ಆ ನೀರನ್ನು ಹೀರಿಕೊಳ್ಳುತ್ತವೆ. ಮುಂದೆ ಅದು ಬಂಡೆಯ ಬಿರುಕುಗಳಲ್ಲಿ ನಿಧಾನವಾಗಿ ಜಾರುತ್ತದೆ. ಬಿರುಕಿಲ್ಲದ ಗಟ್ಟಿ ಬಂಡೆ ಎದುರಾದರೆ ಕೆಳಗಿಳಿಯಲಾಗದೆ ಪಕ್ಕಕ್ಕೆ ತಿರುಗುತ್ತದೆ, ಇಳಿಜಾರು ಕಡಿದ ಕಡೆ ಊಟೆಯಾಗಿ ಹೊರಬೀಳುತ್ತದೆ. ಈ ನಿಧಾನವೇ ಬೇಸಿಗೆಯ ಗುಟ್ಟು: ಹಿಂಗಾರಿನಲ್ಲಿ ಇಂಗಿದ ನೀರು ಬಸಿದು ಬರಲು ತಿಂಗಳುಗಳೇ ಬೇಕು.

ಕುಡಿಯುವ ವಿಚಾರಕ್ಕೆ ಬಂದರೆ, ಆ ಕ್ಯಾನು ಹಿಡಿದವರ ಲೆಕ್ಕಾಚಾರದಲ್ಲಿ ಅರ್ಧ ಸತ್ಯವಿದೆ. ಕೋಲಾರದ ಆಳದ ಬೋರ್‌ವೆಲ್ ನೀರಿನ ದೊಡ್ಡ ತೊಂದರೆ ಫ್ಲೋರೈಡ್. ನೀರು ಕಲ್ಲಿನೊಳಗೆ ಹೆಚ್ಚು ಕಾಲ ಕೂತಷ್ಟೂ ಅದನ್ನು ಕರಗಿಸಿಕೊಳ್ಳುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುವುದು, ವಯಸ್ಸಾದವರ ಮೂಳೆ, ಕೀಲು ಬಿಗಿಯುವುದು ಅದರಿಂದಲೇ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಬೆಟ್ಟದ ಊಟೆಯ ನೀರು ಆಳದ ನೀರಿನಷ್ಟು ಕಾಲ ಕಲ್ಲಿನೊಳಗೆ ಇದ್ದದ್ದಲ್ಲ, ಹಾಗಾಗಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿರುವ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಇದಕ್ಕೂ ಸೇರಿರಬಹುದೇ ಎಂಬ ಅನುಮಾನ ಬೇಡ. ಆ ಕೆರೆಗಳು ತಗ್ಗಿನಲ್ಲಿವೆ.

ಇನ್ನರ್ಧ ಸತ್ಯ ಜನರ ಗಮನಕ್ಕೆ ಬರುವುದಿಲ್ಲ. ಆಳದ ನೀರಿಗಿಂತ ಬೇಗ ಬರುವ ನೀರು ಬೇಗ ಕೆಡುತ್ತದೆ ಕೂಡ. ಬಂಡೆಯ ಬಿರುಕು ಮರಳಿನಂತೆ ಸೋಸುವುದಿಲ್ಲ. ಮೇಲಿನ ದನದ ಕೊಟ್ಟಿಗೆ, ತಿಪ್ಪೆ, ಶೌಚಗುಂಡಿಯಲ್ಲಿ ಇರುವುದು ಕೆಳಗಿನ ಊಟೆಗೂ ಬರಬಹುದು. ಜೊತೆಗೆ ಗುಡಿಯ ಸುತ್ತ ಕೋತಿಗಳ ಹಿಂಡು. ನೀರು ತಿಳಿಯಾಗಿದೆ, ತಣ್ಣಗಿದೆ, ರುಚಿಯಾಗಿದೆ ಎಂಬುದರಿಂದ ಬ್ಯಾಕ್ಟೀರಿಯಾ ಇಲ್ಲವೆಂದಾಗದು. ನೂರು ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ-ಕೋಲೈ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಪತ್ತೆಯಾಗಬಾರದೆಂಬುದು ನಿಯಮ.

ಒಂದು ಅನುಕೂಲವೆಂದರೆ, ಬ್ಯಾಕ್ಟೀರಿಯಾ ಕುದಿಸಿದರೆ ಸಾಯುತ್ತದೆ. ಫ್ಲೋರೈಡ್ ಹಾಗಲ್ಲ, ಕುದಿಸಿದಷ್ಟೂ ನೀರು ಆವಿಯಾಗಿ ಅದರ ಪ್ರಮಾಣ ತುಸು ಏರುತ್ತದೆಯೇ ಹೊರತು ಇಳಿಯದು. ಹಾಗಾಗಿ ಅಂತರಗಂಗೆಯ ನೀರನ್ನು ತನ್ನಿ, ಆದರೆ ಚೆನ್ನಾಗಿ ಕುದಿಸಿ ಕುಡಿಯಿರಿ. ಅಲ್ಲೇ ಬೊಗಸೆಯೊಡ್ಡಿ ಒಂದು ಗುಟುಕು ತೀರ್ಥ ತೆಗೆದುಕೊಂಡರೆ ಏನೂ ಆಗದೇ ಇರಬಹುದು. ಆದರೂ ಎಳೆಯ ಮಕ್ಕಳಿಗೆ, ಬಸುರಿಯರಿಗೆ ಕುದಿಸದೆ ಕೊಡಬೇಡಿ.

ಹಿಡಿಯುವಾಗ ಬಸವನ ಬಾಯಿಯ ಧಾರೆಗೇ ಕ್ಯಾನು ಒಡ್ಡಿ. ಕಲ್ಲಿನಲ್ಲಿ ಬಾಯಿ ಕಡೆದು ನೀರು ಮೇಲಿನಿಂದ ಬೀಳುವಂತೆ ಮಾಡಿದ ಹಿರಿಯರ ಜಾಣತನ ಅಲ್ಲಿದೆ: ಯಾರ ಕೈಯೂ ಬಿಂದಿಗೆಯೂ ಮುಳುಗದ ನೀರು ಅದು. ಕೆಳಗಿನ ಕಲ್ಯಾಣಿಯಲ್ಲಿ ಕಾಲು ತೊಳೆದವರು, ಮಿಂದವರು ಎಲ್ಲರೂ ಇದ್ದಾರೆ, ಅಲ್ಲಿಂದ ತುಂಬಿಕೊಳ್ಳಬೇಡಿ. ಕ್ಯಾನಿನ ಒಳಗೆ ಪಾಚಿಯ ಲೋಳೆ ಕಟ್ಟಿದ್ದರೆ ಬ್ರಷ್ ಹಾಕಿ ಉಜ್ಜಿ ತೊಳೆದು ಒಯ್ಯಿರಿ. ಜೋರು ಮಳೆಯಾದ ಮಾರನೆಯ ದಿನ ನೀರು ಹಿಡಿಯುವುದು ಬೇಡ. ಕೈಯಲ್ಲಿ ತಿಂಡಿ ಚೀಲ ಕಂಡರೆ ಕೋತಿಗಳು ಬಿಡುವುದಿಲ್ಲ, ಅದನ್ನು ಕಾರಿನಲ್ಲೇ ಇಟ್ಟು ಹತ್ತಿ.

ಪದೇಪದೇ ತರುವವರಾದರೆ ಒಮ್ಮೆ ಪರೀಕ್ಷೆ ಮಾಡಿಸಿ. ಎಚ್‌2ಎಸ್ ಬಾಟಲಿ ಎಂಬ ಪುಟ್ಟ ಸೀಸೆ ದುಬಾರಿಯದಲ್ಲ. ಗುರುತಿನವರೆಗೆ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟಾಗ ನೀರು ಕಪ್ಪಾದರೆ ಮಲದ ಸೋಂಕಿನ ಶಂಕೆ ಇದೆಯೆಂದು ಅರ್ಥ. ಜಲಜೀವನ ಮಿಷನ್ ಅಡಿ ಹಳ್ಳಿಯ ಮಹಿಳೆಯರಿಗೇ ಈ ಬಗೆಯ ಪರೀಕ್ಷೆಯ ತರಬೇತಿ ಕೊಡಲಾಗಿದೆ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಫ್ಲೋರೈಡ್ ಪರೀಕ್ಷೆಗೆ ಮಾತ್ರ ನಿಮ್ಮ ಮನೆಯ ಬೋರ್‌ವೆಲ್ ನೀರನ್ನೂ ಒಂದು ಬಾಟಲಿಯಲ್ಲಿ ಒಯ್ಯಿರಿ. ಬೆಟ್ಟದ ನೀರಿಗಿಂತ ಆ ಪರೀಕ್ಷೆ ನಿಮಗೆ ಹೆಚ್ಚು ಅಗತ್ಯ.