ಮೊದಲು ಊರಿನವನಾಗು

ಮಗೂ,

ನಮ್ಮ ಮಾರ್ಮನ್ ಚರ್ಚಿನ ಮಿಷನರಿಯಾಗಿ ಅಮೆರಿಕದ ನೆಬ್ರಾಸ್ಕಕ್ಕೆ ಹೋಗಲು ನಿನಗೆ ಕರೆ ಬಂದಿದೆಯೆಂದು ನಿಮ್ಮಪ್ಪ ಹೇಳಿದ. ನಾನೂ ನಿನ್ನ ದೊಡ್ಡಮ್ಮನೂ ಬಹುಕಾಲದಿಂದ ಬಾಳುತ್ತಿರುವ ರಾಜ್ಯ ಅದು. ನಮ್ಮೂರಿಗೇ ನಿನ್ನನ್ನು ಹಾಕುವ ಸಂಭವ ಕಡಿಮೆ. ಆದರೆ ಪ್ಲ್ಯಾಟ್ ನದಿಯ ಗುಂಟ ಇರುವ ಸಣ್ಣ ಊರುಗಳೆಲ್ಲ ಹೆಚ್ಚುಕಡಿಮೆ ಒಂದೇ ನಮೂನೆ. ಧಾನ್ಯ ತುಂಬುವ ಎತ್ತರದ ಕಣಜ, ಯೂನಿಯನ್ ಪೆಸಿಫಿಕ್ ರೈಲುಹಳಿ, ನೀರಿನ ಟ್ಯಾಂಕು, ಒಂದು ಹೈಸ್ಕೂಲು, ನಾಲ್ಕಾರು ಚರ್ಚು, ಸುತ್ತ ಕಣ್ಣು ಹಾಯುವಷ್ಟು ದೂರವೂ ಮೆಕ್ಕೆಜೋಳ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಿನಗೆ ಮೊದಲು ಕಾಣುವುದು ಜನರಿಲ್ಲದ ಬೀದಿ. ನಮ್ಮ ಮನೆಯಲ್ಲಿ ಉಂಡುಹೋದ ಮಿಷನರಿ ಹುಡುಗರನ್ನು ನೋಡುತ್ತ ನನಗೆ ತಿಳಿದದ್ದನ್ನು ನೀನು ಹೊರಡುವ ಮುಂಚೆಯೇ ಹೇಳಿಬಿಡಬೇಕು ಅನ್ನಿಸಿತು.

ಚಿಕ್ಕ ಊರಿನಲ್ಲಿ ನಿನ್ನ ಮಾತು ತಲುಪುವ ಮುಂಚೆ ನಿನ್ನ ನಡತೆ ಮನೆಮನೆ ತಲುಪಿರುತ್ತದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ತೊಟ್ಟವರು ಇಡೀ ಊರಿನಲ್ಲಿ ನೀನು ಮತ್ತು ನಿನ್ನ ಸಂಗಾತಿ ಮಿಷನರಿ, ಇಬ್ಬರೇ. ಪೆಟ್ರೋಲ್ ಬಂಕಿನಲ್ಲಿ ಹಣ ಎಣಿಸುವ ಹೆಂಗಸಿನ ಹತ್ತಿರ ನೀನು ಹೇಗೆ ಮಾತಾಡಿದೆ, ಅಂಚೆ ಕಚೇರಿಯಲ್ಲಿ ಮುದುಕರಿಗೆ ಬಾಗಿಲು ಹಿಡಿದು ನಿಂತೆಯೋ ಇಲ್ಲವೋ, ಎಲ್ಲವೂ ಸಂಜೆಯೊಳಗೆ ನಾಲ್ಕು ಮನೆಯಲ್ಲಿ ಗೊತ್ತಾಗಿರುತ್ತದೆ. ಆದ್ದರಿಂದ ಮೊದಲು ಆ ಊರಿನವನಾಗು. ಬೋಧನೆ ಆಮೇಲೆ.

ದಿನಚರಿ ನಿನಗೆ ಪುಸ್ತಕದಲ್ಲಿ ಸಿಗುತ್ತದೆ. ಬೆಳಿಗ್ಗೆ 6:30ಕ್ಕೆ ಏಳಬೇಕು, ರಾತ್ರಿ 10:30ಕ್ಕೆ ದೀಪ ಆರಬೇಕು. 2017ರಿಂದ ಈ ವೇಳೆಯಲ್ಲಿ ಸ್ವಲ್ಪ ಸಡಿಲಿಕೆ ಬಂದಿದೆ, ಕ್ರಮ ಮಾತ್ರ ಹಾಗೇ ಇದೆ. ವ್ಯಾಯಾಮ, ತಿಂಡಿ, ಒಬ್ಬನೇ ಕೂತು ಓದುವುದು, ಸಂಗಾತಿಯ ಜೊತೆ ಓದುವುದು, ಆಮೇಲೆ ಹೊರಗೆ. ಸಂಬಳವಿಲ್ಲ. ಅಮೆರಿಕದ ಹುಡುಗರ ಮನೆಯವರು 2020ರ ಜುಲೈನಿಂದ ತಿಂಗಳಿಗೆ 500 ಡಾಲರ್ ಕಟ್ಟುತ್ತಿದ್ದಾರೆ. ಹದಿನೆಂಟು, ಹತ್ತೊಂಬತ್ತರ ಹುಡುಗರು ಓದು, ಸಿನಿಮಾ, ಗೆಳತಿಯರು ಎಲ್ಲವನ್ನೂ ಎರಡು ವರ್ಷ ಪಕ್ಕಕ್ಕಿಟ್ಟು ಬರುತ್ತಾರೆ. ಇದು ಸಣ್ಣ ತ್ಯಾಗವಲ್ಲ.

ಕಷ್ಟವಿರುವುದು ಏಳುವುದರಲ್ಲಿ ಅಲ್ಲ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗಿನ ಹೊತ್ತಿನಲ್ಲಿ. ನಗರವಾದರೆ ಬೀದಿಗಿಳಿದರೆ ಸಾಕು, ಜನ ಸಿಗುತ್ತಾರೆ. ಇಲ್ಲಿ ಆ ಹೊತ್ತಿನಲ್ಲಿ ಗಂಡಸರು ಹೊಲದಲ್ಲಿರುತ್ತಾರೆ, ಹೆಂಗಸರು ಕೆಲಸಕ್ಕೆ ಹೋಗಿರುತ್ತಾರೆ, ಮಕ್ಕಳು ಶಾಲೆಯಲ್ಲಿ. ಎಲ್ಲ ಬಾಗಿಲನ್ನೂ ತಟ್ಟಿ ಮುಗಿಸಲು ಒಂದೆರಡು ವಾರ ಸಾಕು. ಮೂರನೆಯ ವಾರ ಅದೇ ಬಾಗಿಲುಗಳನ್ನೇ ಮತ್ತೆ ತಟ್ಟಿದರೆ ಜನಕ್ಕೆ ಬೇಸರ, ನಿನಗೆ ಅವಮಾನ. ಬಾಗಿಲ ಮೇಲೆ ಮಾರಾಟಗಾರರು ಬರಬೇಡಿ ಎಂದು ಬರೆದಿದ್ದರೆ ಅದು ನಿನಗೂ ಅನ್ವಯ. ನಾವು ಮಾರುವುದು ಏನೂ ಇಲ್ಲವಲ್ಲ ಎಂದು ವಾದ ಹೂಡಬೇಡ.

ಆ ಹೊತ್ತಿಗೆ ಕೆಲಸ ಹುಡುಕು. ಊರಿನ ಗ್ರಂಥಾಲಯ, ವೃದ್ಧರ ಊಟದ ಮನೆ, ಬಡವರಿಗೆ ದಿನಸಿ ಹಂಚುವ ಕೊಠಡಿ ಎಲ್ಲಿವೆಯೆಂದು ಬಂದ ವಾರವೇ ಕೇಳಿ ತಿಳಿದುಕೊ. ದಿನಸಿ ಹಂಚುವ ಕೆಲಸ ಮೆಥಡಿಸ್ಟರ ಚರ್ಚಿನಲ್ಲೇ ನಡೆಯುತ್ತಿರಬಹುದು. ನಡೆಯಲಿ, ಹೋಗಿ ಡಬ್ಬ ಹೊರು. ಅಲ್ಲಿ ಧರ್ಮದ ಮಾತೆತ್ತಬೇಡ, ಅವರಾಗಿ ಕೇಳಿದರೆ ಹೇಳು. ಹಿಮ ಬಿದ್ದ ಮುಂಜಾನೆ ಸಲಿಕೆ ಹಿಡಿದು ಬೀದಿಯ ಒಂದು ತುದಿಯಿಂದ ಶುರುಮಾಡು. ಒಂಟಿ ಮುದುಕಿಯ ಮನೆಯಂಗಳ ಮೊದಲು, ನಿಮ್ಮದು ಕೊನೆಗೆ. ಯಾರಾದರೂ ಮನೆ ಬದಲಿಸುತ್ತಿದ್ದರೆ ಮಂಚ, ಫ್ರಿಜ್ ಎತ್ತಿಕೊಡಲು ನಿಮ್ಮಿಬ್ಬರ ಹೆಗಲು ಅಲ್ಲಿರಲಿ. ಇದನ್ನು ಉಪಾಯವೆಂದು ಮಾಡಬೇಡ. ಸೇವೆಯ ಹಿಂದೆ ಲೆಕ್ಕವಿದ್ದರೆ ರೈತಾಪಿ ಜನಕ್ಕೆ ಬೇಗ ತಿಳಿಯುತ್ತದೆ, ಒಮ್ಮೆ ತಿಳಿದರೆ ಮರೆಯುವುದಿಲ್ಲ.

ಫಲದ ಎಣಿಕೆಯ ಬಗ್ಗೆ ಒಂದು ಮಾತು. ಎಷ್ಟು ಜನಕ್ಕೆ ದೀಕ್ಷಾಸ್ನಾನವಾಯಿತು ಎಂದು ಊರಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಬೇಡ. ನಮ್ಮ ಚರ್ಚು ನ್ಯೂಯಾರ್ಕ್ ರಾಜ್ಯದಲ್ಲಿ 1830ರ ಏಪ್ರಿಲ್ 6ರಂದು ಸ್ಥಾಪನೆಯಾದದ್ದು. ಅದೇ ವರ್ಷ ಅದರ ಸ್ಥಾಪಕ ಜೋಸೆಫ್ ಸ್ಮಿತ್ ಅವರ ತಮ್ಮ ಸ್ಯಾಮ್ಯುಯೆಲ್ ಮಾರ್ಮನ್ ಗ್ರಂಥದ ಪ್ರತಿಗಳನ್ನು ಬೆನ್ನಿಗೆ ಹೊತ್ತು ಆಸುಪಾಸಿನ ಊರುಗಳಿಗೆ ನಡೆದು ಹೋದ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಕೊಂಡವರು ತೀರ ಕಡಿಮೆ, ಬಾಗಿಲು ಮುಚ್ಚಿದವರೇ ಹೆಚ್ಚು. ಮೆಂಡನ್ ಎಂಬ ಊರಿನಲ್ಲಿ ಅವನು ಮಾರಿದ ಒಂದು ಪ್ರತಿ ಫಿನಿಯಸ್ ಯಂಗ್ ಎಂಬುವನ ಕೈಗೆ ಹೋಯಿತು. ಅವನ ತಮ್ಮ ಬ್ರಿಗಮ್ ಯಂಗ್ ಎರಡು ವರ್ಷ ಯೋಚಿಸಿ 1832ರಲ್ಲಿ ದೀಕ್ಷೆ ಪಡೆದರು. 1847ರಲ್ಲಿ ಅದೇ ಬ್ರಿಗಮ್ ಯಂಗ್ ಮೊದಲ ವಲಸೆಯ ತಂಡವನ್ನು ಕರೆದುಕೊಂಡು ಇದೇ ಪ್ಲ್ಯಾಟ್ ನದಿಯ ಉತ್ತರ ದಂಡೆಯ ಮೇಲೆ ನಡೆದು ಹೋದರು. ಏಪ್ರಿಲ್‌ನಲ್ಲಿ ಹೊರಟವರು ಜುಲೈ 24ರ ಹೊತ್ತಿಗೆ ಸಾಲ್ಟ್ ಲೇಕ್ ಕಣಿವೆಯಲ್ಲಿದ್ದರು. ನೀನು ಓಡಾಡುವ ರಸ್ತೆಯ ಪಕ್ಕದಲ್ಲೇ ಆ ದಾರಿ ಇದೆ. ಸ್ಯಾಮ್ಯುಯೆಲ್ ಆ ಪ್ರತಿ ಮಾರಿದ ದಿನ ಇದೆಲ್ಲ ಅವನ ಕನಸಿನಲ್ಲೂ ಇರಲಿಲ್ಲ.

ಸಂಗಾತಿಯ ವಿಷಯ. ಇಪ್ಪತ್ತನಾಲ್ಕು ಗಂಟೆಯೂ ಇಬ್ಬರೂ ಜೊತೆಯಲ್ಲಿರಬೇಕು, ಕಣ್ಣಿಗೆ ಕಾಣುವಷ್ಟು, ಕೂಗಿದರೆ ಕೇಳುವಷ್ಟು ಹತ್ತಿರ. ನೀನು ಆರಿಸಿಕೊಂಡವನಲ್ಲ ಅವನು. ಐಡಹೋದ ಆಲೂಗಡ್ಡೆ ಬೆಳೆಗಾರನ ಮಗನಿರಬಹುದು, ಟೋಂಗಾ ದ್ವೀಪದ ರಗ್ಬಿ ಆಟಗಾರನಿರಬಹುದು. ನಿನ್ನ ಅಡುಗೆಯ ಒಗ್ಗರಣೆ ಘಾಟಿಗೆ ಅವನು ಕೆಮ್ಮುತ್ತಾನೆ, ಅವನ ತಣ್ಣನೆಯ ಸಿರಿಯಲ್ ನಿನಗೆ ಒಗ್ಗುವುದಿಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆಯ ಸಮಯ ಬರುತ್ತದೆ, ಅಷ್ಟು ದಿನ ಹಲ್ಲು ಕಚ್ಚಿ ಇದ್ದರಾಯಿತು ಎಂದುಕೊಳ್ಳುವ ಹುಡುಗರನ್ನು ನೋಡಿದ್ದೇನೆ. ಅವರ ಮುನಿಸು ಊಟದ ಮೇಜಿನ ಮೇಲೆ ನಮಗೆಲ್ಲ ಕಾಣುತ್ತಿತ್ತು. ಪಾತ್ರೆ ತೊಳೆಯುವ ಸರದಿ ಯಾರದು ಎಂಬಂಥ ಜಗಳವನ್ನು ಅದೇ ರಾತ್ರಿ ಮುಗಿಸಿಕೊಳ್ಳಿ. ಕಾರು ಹಿಂದಕ್ಕೆ ತೆಗೆಯುವಾಗ ಒಬ್ಬ ಇಳಿದು ಹಿಂದೆ ನಿಂತು ದಾರಿ ತೋರಿಸಬೇಕೆಂಬ ನಿಯಮವಿದೆ. ಕೊರೆಯುವ ಚಳಿಯಲ್ಲಿ ಇಳಿಯುವವನು ಯಾವಾಗಲೂ ಅವನೇ ಆಗದಿರಲಿ.

ಊಟಕ್ಕೆ ಬ್ರಾಂಚಿನ ಮನೆಗಳವರು ಸರದಿಯ ಮೇಲೆ ಕರೆಯುತ್ತಾರೆ. ಚಿಕ್ಕ ಊರಿನ ನಮ್ಮ ಸಭೆಗೆ ವಾರ್ಡ್ ಎನ್ನುವ ದೊಡ್ಡ ಸಭೆಯಾಗುವಷ್ಟು ಜನ ಇರುವುದಿಲ್ಲ, ಅದಕ್ಕೆ ಬ್ರಾಂಚ್. ಅದರ ಅಧ್ಯಕ್ಷ ಶಾಲೆಯ ಮೇಷ್ಟರೋ ಟ್ರ್ಯಾಕ್ಟರ್ ರಿಪೇರಿ ಮಾಡುವವನೋ ಆಗಿರುತ್ತಾನೆ, ಅವನಿಗೂ ಸಂಬಳವಿಲ್ಲ. ಭಾನುವಾರದ ಎರಡು ಗಂಟೆಯ ಸಭೆಗೆ ಕೆಲವರು ಬಹುದೂರದಿಂದ ಕಾರು ಓಡಿಸಿಕೊಂಡು ಬರುತ್ತಾರೆ. ಬ್ರೆಡ್ಡು ನೀರು ಆಶೀರ್ವದಿಸಿ ಹಂಚಲು, ಕುರ್ಚಿ ಹಾಕಿ ತೆಗೆಯಲು, ಪಿಯಾನೋ ಬಾರಿಸುವವರು ಬರದಿದ್ದರೆ ಹಾಡು ಎತ್ತಿಕೊಡಲು ನೀವೇ ಬೇಕಾಗುತ್ತದೆ. ಈ ಜನರ ಮನೆಗೆ ಬರಿಯ ಊಟಕ್ಕೆ ಹೋಗಬೇಡ. ಆ ಮನೆಯ ಸಂಕಟ ಏನೆಂದು ಕೇಳು, ಒಂದು ಪ್ರಾರ್ಥನೆ ಹೇಳಿ, ಹೊತ್ತಾಗುವ ಮುಂಚೆ ಎದ್ದುಬಿಡು. ನಾಳೆ ಅವರಿಗೆ ಕೆಲಸವಿರುತ್ತದೆ.

ಕಾಫಿ ಕೊಡಲು ಬರುತ್ತಾರೆ. ಇಲ್ಲಿನ ರೈತರ ಸ್ನೇಹ ಶುರುವಾಗುವುದೇ ಕಾಫಿಯಿಂದ. ನಮಗದು ನಿಷಿದ್ಧ ಎಂದು ಮುಖ ಗಂಟಿಕ್ಕಿ ಪಾಠ ಹೇಳಬೇಡ. ಒಂದು ಲೋಟ ನೀರು ಕೊಡಿ ಎಂದು ಕೇಳಿ ಅವರ ಜೊತೆ ಕೂತು ಕುಡಿ. ಮಳೆಯ ಬಗ್ಗೆ, ಜೋಳದ ಧಾರಣೆಯ ಬಗ್ಗೆ ಅವರು ಆಡುವ ಮಾತನ್ನು ಮನಸ್ಸಿಟ್ಟು ಕೇಳು.

ಹೆದ್ದಾರಿಯ ಪಕ್ಕದ ಮೋಟೆಲ್ ನಡೆಸುವವರು ಗುಜರಾತಿನ ಪಟೇಲರಾಗಿರುವುದು ಇಲ್ಲಿನ ಸಣ್ಣ ಊರುಗಳಲ್ಲಿ ಬಹಳ ಸಾಮಾನ್ಯ. ನಿನ್ನ ಮುಖ ಕಂಡರೆ ಅವರಿಗೆ ಹಿಗ್ಗು. ಒಳಗೆ ಕರೆದು ರೊಟ್ಟಿ, ದಾಲ್ ಬಡಿಸುತ್ತಾರೆ. ಉಂಡು ಬಾ, ಕೈಮುಗಿದು ಬಾ. ಆದರೆ ನಾವಿಬ್ಬರೂ ಭಾರತದವರು ಎಂಬ ಸಲುಗೆಯನ್ನು ಅವರ ದೇವರ ಮನೆಯವರೆಗೆ ಎಳೆಯಬೇಡ. ನಂಬಿಕೆ ಕೇಳಿದವರಿಗೆ ಹೇಳತಕ್ಕದ್ದು. ಬೇಡವೆಂದವನನ್ನೂ ಅಷ್ಟೇ ಪ್ರೀತಿಯಿಂದ ಮಾತಾಡಿಸಬಲ್ಲವನು ನನ್ನ ಕಣ್ಣಿಗೆ ಒಳ್ಳೆಯ ಮಿಷನರಿ. ಮಾಂಸದ ಕಾರ್ಖಾನೆಯಿರುವ ಊರಾದರೆ ಗ್ವಾಟೆಮಾಲಾದವರು, ಸೊಮಾಲಿಯಾದವರು ಸಿಗುತ್ತಾರೆ. ಪರದೇಶದ ಒಂಟಿತನ ನಿನಗೂ ಗೊತ್ತಿರುವುದರಿಂದ ಅವರನ್ನು ಮೊದಲು ಮಾತಾಡಿಸುವವನು ನೀನೇ ಆಗಿರು.

ವರ್ಗವಾದ ದಿನ ಹೇಳದೆ ಹೋಗಬೇಡ. ಊರಿನವರು ವರ್ಷವಿಡೀ ಹೊಸ ಹೊಸ ಮಿಷನರಿ ಹುಡುಗರ ಹೆಸರು ಕಲಿತು ಕಲಿತು ದಣಿದಿರುತ್ತಾರೆ. ದಿನಸಿ ಕೊಠಡಿಯ ಹೆಂಗಸಿಗೆ, ಗ್ರಂಥಾಲಯದವಳಿಗೆ, ನಿನ್ನನ್ನು ಬೈದು ಕಳಿಸಿ ಆಮೇಲೆ ಸಲಿಕೆ ಎರವಲು ಕೊಟ್ಟ ಮುದುಕನಿಗೆ ಮುಖ ತೋರಿಸಿ ಬಾ.

ಬಟ್ಟೆ ಒಗೆಯಲು, ಸಾಮಾನು ತರಲು ವಾರದಲ್ಲಿ ಒಂದು ದಿನ ಬಿಡುವು, ಸಾಮಾನ್ಯವಾಗಿ ಸೋಮವಾರ. ಹಿಂದೆ ಮನೆಗೆ ಫೋನು ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶ, ಕ್ರಿಸ್ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. 2019ರ ಫೆಬ್ರುವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು. ಆಗ ನಿಮ್ಮಮ್ಮನಿಗೆ ನಿಜ ಹೇಳು. ಎಲ್ಲ ಚೆನ್ನಾಗಿದೆ ಎಂದು ವಾರವಾರವೂ ಒಪ್ಪಿಸಬೇಡ. ಜನವರಿಯ ಗಾಳಿಗೆ ಮುಖ ಮರಗಟ್ಟಿದ ದಿನ, ಸಾರು ಅನ್ನ ನೆನೆದು ಕಣ್ಣು ತುಂಬಿದ ದಿನ ಇದ್ದೇ ಇರುತ್ತವೆ. ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಪ್ರಾರ್ಥನೆಯೂ ಬೇಡವೆನಿಸಿದರೆ, ಅದನ್ನು ನಂಬಿಕೆಯ ಕೊರತೆ ಎಂದು ನಿನ್ನೊಳಗೇ ಹೂತಿಡಬೇಡ. ಸಂಗಾತಿಗೆ ಹೇಳು, ಮಿಷನ್ ಅಧ್ಯಕ್ಷರಿಗೆ ಹೇಳು, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಎಂದು ಕೇಳು. ಕಾಯಿಲೆ ಬಿದ್ದು ಅವಧಿಗೆ ಮುಂಚೆ ಮನೆಗೆ ಮರಳಿದ ಹುಡುಗರನ್ನು ಕೆಲವರು ಓರೆಗಣ್ಣಿನಿಂದ ನೋಡುತ್ತಾರೆ. ಹಾಗೆ ನೋಡುವುದು ತಪ್ಪು, ಕ್ರೂರವಾದ ತಪ್ಪು. ಎರಡು ವರ್ಷ ತುಂಬಿಸಿ ಬಂದರೂ ಎರಡೇ ತಿಂಗಳಿಗೆ ಬಂದರೂ ವಿಮಾನ ನಿಲ್ದಾಣಕ್ಕೆ ಮನೆಮಂದಿಯೆಲ್ಲ ಬರಬೇಕೆಂದು ನಿಮ್ಮಪ್ಪನಿಗೆ ಹೇಳಿದ್ದೇನೆ, ಅವನು ಒಪ್ಪಿದ್ದಾನೆ.