ಎರಡೂವರೆ ಸ್ಟಾರ್ ಯಾಕೆ? 'ಕ್ಯಾಡಿಶ್ಯಾಕ್' ಹೇಳುವ ಪಾಠ

ವಿಮರ್ಶೆ ಕಂಡಾಗ ನಾವು ಮೊದಲು ನೋಡೋದು ಸ್ಟಾರ್ ಎಷ್ಟು ಅಂತ. ಕೆಳಗಿನ ನಾಲ್ಕು ಪ್ಯಾರಾ ಓದುವ ತಾಳ್ಮೆ ಯಾರಿಗಿದೆ? ಪೋಲಿ ಹಾಸ್ಯದ ಚಿತ್ರಗಳ ವಿಷಯದಲ್ಲಿ ಈ ಅಭ್ಯಾಸ ಕೈಕೊಡುತ್ತೆ. ಸ್ಟಾರ್ ಕಡಿಮೆ ಬಿತ್ತು ಅಂದ್ರೆ ಕೊಳಕು ಜೋಕಿಗೆ ವಿಮರ್ಶಕರು ಮೂಗು ಮುರಿದರು ಅಂತ ನಾವೇ ತೀರ್ಮಾನಿಸಿಬಿಡ್ತೀವಿ.

1980ರ ಅಮೆರಿಕನ್ ಚಿತ್ರ 'ಕ್ಯಾಡಿಶ್ಯಾಕ್' ತಗೊಳ್ಳೋಣ. ಶ್ರೀಮಂತರ ಗಾಲ್ಫ್ ಕ್ಲಬ್, ಅಲ್ಲಿ ಅವರ ಚೀಲ ಹೊರುವ ಹುಡುಗರು. ಈಜುಕೊಳದಲ್ಲಿ ತೇಲುವ ಚಾಕೊಲೇಟ್ ಬಾರನ್ನು ಜನ ಇನ್ನೇನೋ ಅಂದುಕೊಂಡು ಚೀರಿಕೊಂಡು ಓಡೋದು ಇದರ ಪ್ರಸಿದ್ಧ ದೃಶ್ಯ. (ಮೆಸ್‌ನಲ್ಲಿ ಕೂತು ಓದ್ತಿದ್ರೆ ಕ್ಷಮಿಸಿ.) ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಎರಡೂವರೆ ಸ್ಟಾರ್ ಕೊಟ್ಟರು.

ಎರಡು ವರ್ಷ ಹಿಂದೆ, 1978ರಲ್ಲಿ, 'ಅನಿಮಲ್ ಹೌಸ್' ಬಂದಿತ್ತು. ಅದರ ಬರಹಗಾರರಲ್ಲಿ ಹೆರಾಲ್ಡ್ ರಾಮಿಸ್, ಡಗ್ಲಸ್ ಕೆನಿ ಇಬ್ಬರೂ ಇದ್ದರು; 'ಕ್ಯಾಡಿಶ್ಯಾಕ್' ಬರೆದವರಲ್ಲೂ ಇದ್ದಾರೆ, ರಾಮಿಸ್ ಅದರ ನಿರ್ದೇಶಕ ಕೂಡ. ಪೋಲಿತನದಲ್ಲಿ ಅದೇನೂ ಕಮ್ಮಿಯಿಲ್ಲ. ಏಣಿ ಹತ್ತಿ ಹುಡುಗಿಯರ ಕಿಟಕಿಯಲ್ಲಿ ಇಣುಕುವ ದೃಶ್ಯವಂತೂ ಈಗ ನೋಡಿದರೆ ನಮಗೆ ನಗು ಬರಲ್ಲ. ಆದರೂ ಈಬರ್ಟ್ ಅದಕ್ಕೆ ಪೂರ್ತಿ ನಾಲ್ಕು ಕೊಟ್ಟಿದ್ದರು! ಲ್ಯಾಬ್ ಭಾಷೆಯಲ್ಲಿ ಹೇಳೋದಾದರೆ, ಪೋಲಿತನ ಇಲ್ಲಿ ಬದಲಾದ ವೇರಿಯಬಲ್ ಅಲ್ಲ.

ಬದಲಾಗಿದ್ದು ಕಥೆಯ ಎಳೆ. 'ಅನಿಮಲ್ ಹೌಸ್'ನಲ್ಲಿ ಒಂದು ಮನೆಯ ಹುಡುಗರು, ಎದುರಿಗೆ ಒಬ್ಬ ಡೀನ್. ಯಾವ ತರಲೆ ಮಾಡಿದರೂ ಆ ಜಗಳಕ್ಕೇ ಬಂದು ಸೇರುತ್ತೆ. 'ಕ್ಯಾಡಿಶ್ಯಾಕ್' ಕೂಡ ಡ್ಯಾನಿ ಎಂಬ ಚೀಲ ಹೊರುವ ಹುಡುಗನ ಕಥೆಯಾಗಿಯೇ ಹೊರಟಿತ್ತು. ಇನ್ನೊಬ್ಬ ಬರಹಗಾರ ಬ್ರಯಾನ್ ಡಾಯ್ಲ್-ಮರ್ರಿ ಸ್ವತಃ ಆ ಕೆಲಸ ಮಾಡಿದವರು. ಆದರೆ ಸೆಟ್‌ಗೆ ಚೆವಿ ಚೇಸ್, ರಾಡ್ನಿ ಡೇಂಜರ್‌ಫೀಲ್ಡ್, ಟೆಡ್ ನೈಟ್, ಬಿಲ್ ಮರ್ರಿ ಬಂದರು. ಅವರ ದೃಶ್ಯಗಳು ಉಬ್ಬುತ್ತಾ ಹೋದವು, ಡ್ಯಾನಿ ಮೂಲೆಗೆ ಸರಿದ. ಬಿಲ್ ಮರ್ರಿ ಹೂವುಗಳ ತಲೆ ಹಾರಿಸುತ್ತಾ ಕಾಮೆಂಟರಿ ಕೊಡುವ ದೃಶ್ಯ ಅಲ್ಲೇ ಹುಟ್ಟಿದ್ದು. ಕೊನೆಗೆ ತುಣುಕುಗಳನ್ನು ಜೋಡಿಸೋಕೆ ನೆಲ ಕೊರೆಯುವ ಗೋಫರ್ ಬೊಂಬೆಯ ದೃಶ್ಯಗಳನ್ನು ಸೇರಿಸಬೇಕಾಯ್ತು. ಈಬರ್ಟ್ ತಕರಾರೂ ಇದೇ: ಚಿತ್ರಕ್ಕೆ ತನ್ನದೇ ಆದ ಒಂದು ಹಾಸ್ಯದ ಶ್ರುತಿ ಸಿಕ್ಕಿಲ್ಲ. ಎಂಟು ಜನ ಎಂಟು ಕಡೆ ಎಳೆಯುವ ನಮ್ಮ ಫೆಸ್ಟ್ ಸ್ಕಿಟ್‌ಗಳಿಗೂ ಇದೇ ರೋಗ ಅಲ್ವಾ?

ಮೆಚ್ಚಿದವರು ಮೆಚ್ಚಿದ್ದೂ ಇದನ್ನೇ ಅನ್ನೋದು ತಮಾಷೆ. 2000ದಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ನೂರು ಹಾಸ್ಯಚಿತ್ರಗಳ ಪಟ್ಟಿಯಲ್ಲಿ ಇದಕ್ಕೆ 71ನೇ ಸ್ಥಾನ. ವಿಮರ್ಶಕರು ಸೋತರು ಅಂತ ನಾವು ಹೇಳಲ್ಲ. ಅವರು ತೂಗಿದ್ದು ಇಡೀ ಚಿತ್ರವನ್ನು. ಜನ ನೆನಪಿಟ್ಟುಕೊಂಡಿದ್ದು ದೃಶ್ಯಗಳನ್ನು.

ಇದೆಲ್ಲ ನೋಡೋಕೆ ಡಗ್ಲಸ್ ಕೆನಿ ಉಳಿಯಲಿಲ್ಲ. ಚಿತ್ರಕ್ಕೆ ಬಂದ ಪ್ರತಿಕ್ರಿಯೆಯಿಂದ ಅವರು ತೀರಾ ನೊಂದಿದ್ದರು. ಬಿಡುಗಡೆಯಾದ ಮರು ತಿಂಗಳೇ ಹವಾಯಿಯಲ್ಲಿ ಬಂಡೆಯಿಂದ ಬಿದ್ದು ತೀರಿಕೊಂಡರು, 33ನೇ ವಯಸ್ಸಿಗೆ. ಸಾವಿಗೂ ವಿಮರ್ಶೆಗೂ ಗಂಟು ಹಾಕೋದು ಸರಿಯಲ್ಲ. ಆದರೂ ಆ ಎರಡೂವರೆ ಸ್ಟಾರನ್ನು ನಾವೀಗ ಮೊದಲಿನಷ್ಟು ಹಗುರವಾಗಿ ಓದೋಕಾಗ್ತಿಲ್ಲ.

ಎರಡೂ ಚಿತ್ರ ಒಂದೇ ವಾರದಲ್ಲಿ ನೋಡಿ. ಡ್ಯಾನಿಯನ್ನು ಯಾವ ದೃಶ್ಯದಲ್ಲಿ ಮರೆತಿರಿ ಅಂತ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಇಬ್ಬರು ಗೋಫರ್ ಬಂದಾಗಲೇ ಮರೆತರು. ಒಬ್ಬರು ಮಾತ್ರ ಮರೆತೇ ಇಲ್ಲ ಅಂತ ಇನ್ನೂ ವಾದ ಮಾಡ್ತಿದ್ದಾರೆ.